ಬೂಷ್ಟು ಕಾಣುವುದು ಮಳೆಗಾಲದಲ್ಲಿ, ಶುರುವಾಗುವುದು ಎಸಿಯ ಡ್ರೈನ್ ಪೈಪ್‌ನಲ್ಲಿ: ಪುಣೆ ಫ್ಲ್ಯಾಟ್‌ಗಳಲ್ಲಿ ಇರುವವರಿಗೆ ಉಪಯುಕ್ತ ಮಾಹಿತಿ

ಪುಣೆ: ಜುಲೈ ಬಂತೆಂದರೆ ಕೊತ್ರೂಡ್‌ನಿಂದ ವಾಕಡ್‌ವರೆಗೆ ಅಪಾರ್ಟ್‌ಮೆಂಟ್‌ಗಳ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದೇ ಬಗೆಯ ಫೋಟೊಗಳು ಬರಲು ಶುರು. ಬೆಡ್‌ರೂಮ್ ಗೋಡೆಯ ಮೇಲೆ ಕಪ್ಪು ಚುಕ್ಕೆ, ಗುಳ್ಳೆ ಎದ್ದ ಬಣ್ಣ, ವಾರ್ಡ್‌ರೋಬ್‌ನ ಹಿಂಬದಿಯಲ್ಲಿ ಹಸಿರು ಮಿಶ್ರಿತ ಬಿಳಿ ಪುಡಿ. ಕೆಳಗೆ ಬರುವ ಉತ್ತರವೂ ಬಹುತೇಕ ಒಂದೇ: ಮಳೆ ನೀರು ಒಳಗೆ ಬರ್ತಿದೆ, ವಾಟರ್‌ಪ್ರೂಫಿಂಗ್ ಮಾಡಿಸಿ.

ಕೆಲವು ಮನೆಗಳಲ್ಲಿ ಅದು ನಿಜವೇ. ಆದರೆ ಚುಕ್ಕೆಗಳು ಕಾಣಿಸಿಕೊಂಡ ಗೋಡೆಯಲ್ಲಿ, ಅಥವಾ ಅದರ ಬೆನ್ನಿಗಿರುವ ಇನ್ನೊಂದು ಕೋಣೆಯ ಗೋಡೆಯಲ್ಲಿ ಎಸಿ ಇದ್ದರೆ, ವಾಟರ್‌ಪ್ರೂಫಿಂಗ್‌ನವರಿಗೆ ಫೋನ್ ಮಾಡುವ ಮೊದಲು ಎಸಿಯ ನೀರು ಎಲ್ಲಿಗೆ ಹೋಗುತ್ತಿದೆ ಎಂದು ನೋಡುವುದು ಒಳ್ಳೆಯದು. ಹೊರಗೋಡೆಗೆ ಸಾವಿರಾರು ರೂಪಾಯಿ ಸುರಿದ ಮೇಲೂ ಮುಂದಿನ ವರ್ಷ ಅದೇ ಜಾಗದಲ್ಲಿ ಬೂಷ್ಟು ಬಂದರೆ, ಮೂಲ ಇನ್ನೂ ಹಾಗೇ ಉಳಿದಿದೆ ಎಂದರ್ಥ.

ಕರಾವಳಿಯಿಂದ ಬಂದವರಿಗೆ ಬೂಷ್ಟು ಹೊಸದಲ್ಲ. ಚಪ್ಪಲಿ, ಬೆಲ್ಟು, ಹಪ್ಪಳ ಎಲ್ಲಕ್ಕೂ ಹಿಡಿಯುವುದನ್ನು ನೋಡಿಯೇ ಬೆಳೆದವರು ಅವರು. ವಿಜಯಪುರ, ಕಲಬುರಗಿ, ಧಾರವಾಡ ಕಡೆಯಿಂದ ಕೆಲಸಕ್ಕೆಂದು ಪುಣೆಗೆ ಬಂದು ಫ್ಲ್ಯಾಟ್‌ನಲ್ಲಿ ನೆಲೆಸಿದವರಿಗೆ ಮಾತ್ರ ಇದು ಹೊಸ ತಲೆನೋವು. ಅಂದಹಾಗೆ, ಇಲ್ಲಿನ ಸೊಸೈಟಿ ಕಚೇರಿಯಲ್ಲಿ ದೂರು ಕೊಡುವಾಗ ಎರಡು ಮರಾಠಿ ಪದ ಗೊತ್ತಿದ್ದರೆ ಅನುಕೂಲ. ಗೋಡೆಯ ತೇವಕ್ಕೆ 'ಓಲ್' ಎನ್ನುತ್ತಾರೆ, ಬೂಷ್ಟಿಗೆ 'ಬುರಶಿ'.

ಎಸಿಯಿಂದ ಅಷ್ಟೊಂದು ನೀರು ಬರುತ್ತಾ?

ಬರುತ್ತದೆ. ಎಸಿ ಹುಟ್ಟಿದ್ದೇ ಗಾಳಿಯಿಂದ ನೀರು ತೆಗೆಯಲು. 1902ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿದ್ದ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಅಚ್ಚಿನಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೆ ಪರಿಹಾರವಾಗಿ ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ರೂಪಿಸಿದ ವ್ಯವಸ್ಥೆಯೇ ಇಂದಿನ ಎಸಿಯ ಮೂಲ. ಮನುಷ್ಯರಿಗೆ ತಂಪು ಕೊಡುವ ಯೋಚನೆ ಬಂದದ್ದು ಆಮೇಲೆ.

ಫ್ರಿಜ್‌ನಿಂದ ತೆಗೆದ ಬಾಟಲಿಯ ಹೊರಮೈಯಲ್ಲಿ ಹನಿ ಕಟ್ಟುತ್ತದಲ್ಲ, ಇಂಡೋರ್ ಯೂನಿಟ್‌ನ ಒಳಗೂ ಅದೇ ನಡೆಯುತ್ತದೆ. ಕೋಣೆಯ ಗಾಳಿ ತಣ್ಣನೆಯ ಕಾಯಿಲ್‌ಗೆ ತಾಗಿದಾಗ ಅದರಲ್ಲಿನ ತೇವ ನೀರಾಗಿ ಕೆಳಗಿನ ಟ್ರೇಗೆ ಇಳಿಯುತ್ತದೆ. ಅಲ್ಲಿಂದ ಬೆರಳು ದಪ್ಪದ ಒಂದು ಪೈಪ್ ಮೂಲಕ ಹೊರಗೆ. ಇದಕ್ಕೆ ಪಂಪ್ ಇರುವುದಿಲ್ಲ. ಮನೆಗಳ ಸಾಮಾನ್ಯ ಸ್ಪ್ಲಿಟ್ ಎಸಿಗಳಲ್ಲಿ ನೀರು ಇಳಿಜಾರನ್ನು ನಂಬಿಕೊಂಡೇ ಹರಿಯಬೇಕು.

ಪ್ರಮಾಣ ಎಷ್ಟು? ಒಂದೂವರೆ ಟನ್ ಎಸಿಯ ತಂಪುಗೊಳಿಸುವ ಶಕ್ತಿ ಸುಮಾರು 5.2 ಕಿಲೋವ್ಯಾಟ್. ತೇವ ಹೆಚ್ಚಿರುವ ಹವೆಯಲ್ಲಿ ಇದರ ಐದನೇ ಒಂದು ಭಾಗ ಗಾಳಿಯ ತೇವವನ್ನು ನೀರಾಗಿಸಲು ಖರ್ಚಾಗುತ್ತದೆ ಎಂದಿಟ್ಟುಕೊಂಡರೂ, ಪೂರ್ತಿ ವೇಗದಲ್ಲಿ ಓಡುವಾಗ ಗಂಟೆಗೆ ಒಂದೂವರೆ ಲೀಟರ್ ಆಸುಪಾಸು ನೀರು ಬರುತ್ತದೆ. ರಾತ್ರಿಯಿಡೀ ಅಷ್ಟೇ ವೇಗ ಇರುವುದಿಲ್ಲ. ಅರ್ಧದಷ್ಟೇ ಲೆಕ್ಕ ಹಿಡಿದರೂ ಎಂಟು ಗಂಟೆಗೆ 6 ಲೀಟರ್. ಇದರಲ್ಲಿ ದಿನಕ್ಕೆ ಒಂದು ಲೋಟದಷ್ಟು ಮಾತ್ರ ಗೋಡೆಗೆ ಹೋದರೂ ತಿಂಗಳಿಗೆ ಅದು ಒಂದು ಸಣ್ಣ ಬಕೆಟ್ ಆಗುತ್ತದೆ.

ಪುಣೆಯ ಹವೆಯೇ ಮೋಸ ಮಾಡುವುದು

ಪುಣೆಯಲ್ಲಿ ಏಪ್ರಿಲ್ ಅಂದರೆ ಒಣ ಬಿಸಿಲು. ಮಧ್ಯಾಹ್ನ 38 ಡಿಗ್ರಿ ಇದ್ದು, ಗಾಳಿಯ ಸಾಪೇಕ್ಷ ಆರ್ದ್ರತೆ 20 ಶೇಕಡಾ ಇದೆ ಎಂದುಕೊಳ್ಳಿ. ಆ ಗಾಳಿ ನೀರು ಬಿಡಬೇಕಾದರೆ 11 ಡಿಗ್ರಿಗೆ ತಣ್ಣಗಾಗಬೇಕು. ಇದನ್ನೇ ಇಬ್ಬನಿ ಬಿಂದು ಎನ್ನುವುದು. ಎಸಿಯ ಕಾಯಿಲ್ ಹೆಚ್ಚುಕಡಿಮೆ ಅಷ್ಟೇ ತಣ್ಣಗಿರುವುದರಿಂದ ಬರುವ ನೀರು ತೀರಾ ಕಡಿಮೆ. ಅರ್ಧ ಕಟ್ಟಿಕೊಂಡ ಡ್ರೈನ್ ಪೈಪ್ ಕೂಡ ಅದನ್ನು ಹೇಗೋ ಸಾಗಿಸಿಬಿಡುತ್ತದೆ. ಒಂದೆರಡು ಹನಿ ಗೋಡೆಗೆ ಇಳಿದರೂ ಬಿಸಿಲಿಗೆ ಒಣಗಿ ಹೋಗುತ್ತದೆ. ಮನೆಯವರಿಗೆ ಎಲ್ಲ ಸರಿಯಿದೆ ಎಂದೇ ಅನಿಸುತ್ತದೆ.

ಮೇ ಕೊನೆ, ಜೂನ್ ಮೊದಲ ವಾರಕ್ಕೆ ಚಿತ್ರ ಬದಲಾಗುತ್ತದೆ. ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟ ಹತ್ತಿ ಬರುತ್ತದೆ. 28 ಡಿಗ್ರಿ ಉಷ್ಣಾಂಶ, 80 ಶೇಕಡಾ ಆರ್ದ್ರತೆ ಇದ್ದರೆ ಇಬ್ಬನಿ ಬಿಂದು 24 ಡಿಗ್ರಿ. ಸೆಖೆ ತಡೆಯದೆ ಜನ ಎಸಿ ಹಾಕುತ್ತಲೇ ಇರುತ್ತಾರೆ. ಅದೇ ಯಂತ್ರ ಈಗ ಧಾರಾಳವಾಗಿ ನೀರು ಸುರಿಸುತ್ತದೆ, ಅರ್ಧ ಕಟ್ಟಿದ ಪೈಪ್ ಕೈಚೆಲ್ಲುತ್ತದೆ, ಟ್ರೇ ತುಂಬಿ ಹಿಂಬದಿಯ ಗೋಡೆಗೆ ನೀರು ಇಳಿಯುತ್ತದೆ. ಸಾಮಾನ್ಯವಾಗಿ ಜೂನ್ ಎರಡನೇ ವಾರದ ಹೊತ್ತಿಗೆ ಮುಂಗಾರು ಪುಣೆ ತಲುಪುತ್ತದೆ. 2025ರಲ್ಲಂತೂ ಮೇ ಕೊನೆಯ ವಾರದಲ್ಲೇ ಬಂದಿತ್ತು. ಆಮೇಲೆ ಹವೆ ತಂಪಾಗಿ ಎಸಿ ಆಫ್ ಆಗುತ್ತದೆ. ಗೋಡೆಯೊಳಗೆ ಸೇರಿದ ನೀರಿಗೆ ಮಾತ್ರ ಒಣಗಲು ಬಿಸಿಲೂ ಇಲ್ಲ, ಗಾಳಿಯೂ ಇಲ್ಲ.

ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ, ಅವನ್ನು ತಡೆಯಲಾಗದು. ತಿನ್ನಲು ಪುಟ್ಟಿ, ಬಣ್ಣ, ಪ್ಲೈವುಡ್, ವಾಲ್‌ಪೇಪರ್, ಧೂಳು ಸಾಕು. ಅವೂ ಎಲ್ಲ ಮನೆಯಲ್ಲಿವೆ. ಬಾಕಿ ಬೇಕಿರುವುದು ನೀರು ಮಾತ್ರ. ಒದ್ದೆಯಾದದ್ದನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಬಹುತೇಕ ಬೂಷ್ಟು ಹಿಡಿಯುವುದಿಲ್ಲ ಎನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ. ಪುಣೆಯ ಜುಲೈನಲ್ಲಿ ಇಟ್ಟಿಗೆ ಗೋಡೆಯನ್ನು ಎರಡು ದಿನದಲ್ಲಿ ಒಣಗಿಸುವುದು ಆಗದ ಮಾತು. ಹಾಗಾಗಿ ಕೆಲಸ ನಡೆಯಬೇಕಾದದ್ದು ಮೇ ತಿಂಗಳಲ್ಲಿ, ಬೂಷ್ಟು ಕಾಣುವ ಮೊದಲು.

ನೀರು ದಾರಿ ತಪ್ಪುವುದು ಎಲ್ಲೆಲ್ಲಿ?

ಮೊದಲ ಅನುಮಾನ ಡ್ರೈನ್ ಪೈಪ್ ಮೇಲೆ. ಟ್ರೇಯಲ್ಲಿ ಧೂಳು ಮತ್ತು ನೀರು ಸೇರಿ ಜೆಲ್ಲಿಯಂಥ ಲೋಳೆ ಬೆಳೆಯುತ್ತದೆ, ಅದು ಪೈಪ್‌ನ ಬಾಯಿಗೆ ಬಂದು ಕೂರುತ್ತದೆ. ಸುತ್ತ ಕಟ್ಟಡ ಕೆಲಸ ನಿಲ್ಲದ ಹಿಂಜವಡಿ, ವಾಕಡ್, ವಾಘೋಲಿಯಂಥ ಕಡೆ ಫಿಲ್ಟರ್ ಬೇಗ ಧೂಳಾಗುವುದರಿಂದ ಲೋಳೆಯೂ ಬೇಗ. ಪೈಪ್‌ನ ಹೊರತುದಿಯಲ್ಲಿ ಕಣಜ, ಇರುವೆ ಗೂಡು ಕಟ್ಟುವುದುಂಟು, ಹಲ್ಲಿ ಸಿಕ್ಕಿಕೊಳ್ಳುವುದೂ ಉಂಟು.

ಪೈಪ್ ಸ್ವಚ್ಛವಿದ್ದರೂ ಇಳಿಜಾರು ತಪ್ಪಿದ್ದರೆ ಪ್ರಯೋಜನವಿಲ್ಲ. ಸುಕ್ಕು ಸುಕ್ಕಾದ ಬಿಳಿ ಫ್ಲೆಕ್ಸಿಬಲ್ ಪೈಪ್‌ಗಳು ಎರಡು ಕ್ಲ್ಯಾಂಪ್‌ಗಳ ನಡುವೆ ಜೋತು ಬೀಳುತ್ತವೆ. ಆ ಜೋಲಿನಲ್ಲಿ ನೀರು ನಿಂತು ಗಾಳಿ ಹೊರಹೋಗಲು ಬಿಡುವುದಿಲ್ಲ. ಬಾಲ್ಕನಿಯಲ್ಲಿ ಬಕೆಟ್ ಇಟ್ಟು ಎಸಿ ನೀರು ಹಿಡಿಯುವವರು ಗಮನಿಸಬೇಕಾದದ್ದೂ ಇದೇ. ಪೈಪ್‌ನ ತುದಿ ಬಕೆಟ್‌ನ ನೀರಿನಲ್ಲಿ ಮುಳುಗಿದರೆ ಗಾಳಿ ಕಟ್ಟಿಕೊಂಡು ನೀರು ಹಿಂದೆಯೇ ಉಳಿಯಬಹುದು. ತುದಿ ಯಾವಾಗಲೂ ನೀರಿಗಿಂತ ಮೇಲಿರಲಿ.

ಎಸಿಯಿಂದ ನೀರು ತೊಟ್ಟಿಕ್ಕಿದಾಗೆಲ್ಲ ಪೈಪನ್ನೇ ದೂರುವಂತಿಲ್ಲ. ಫಿಲ್ಟರ್ ಕಟ್ಟಿಕೊಂಡು ಗಾಳಿ ಓಡಾಡದಿದ್ದರೆ, ಅಥವಾ ಗ್ಯಾಸ್ ಕಡಿಮೆಯಾಗಿದ್ದರೆ, ಕಾಯಿಲ್ ಮೇಲೆ ಮಂಜುಗಡ್ಡೆ ಕೂರುತ್ತದೆ. ಎಸಿ ಆಫ್ ಮಾಡಿದ ಮೇಲೆ ಅದು ಒಮ್ಮೆಲೇ ಕರಗಿ ಟ್ರೇಯ ಅಂಚು ದಾಟುತ್ತದೆ. ಎಸಿ ಓಡುವಾಗ ಸೋರದೆ, ಬೆಳಿಗ್ಗೆ ಆಫ್ ಮಾಡಿದ ಅರ್ಧ ಗಂಟೆಗೆ ಸೋರುತ್ತದೆ ಎಂದರೆ ಇದೇ ಇರಬಹುದು. ಫಿಲ್ಟರ್ ತೊಳೆದ ಮೇಲೂ ಹಾಗೇ ಆದರೆ ಗ್ಯಾಸ್ ಪರೀಕ್ಷೆ ಮಾಡಿಸಿ. ಎಲ್ಲಿ ಸೋರಿದೆ ಎಂದು ಹುಡುಕದೆ ಬರೀ ಗ್ಯಾಸ್ ತುಂಬಿಸಿ ಹೋಗುವವರ ಕೆಲಸ ಒಂದು ಸೀಸನ್‌ಗಷ್ಟೇ.

ಹೊಸ ಫ್ಲ್ಯಾಟ್‌ಗಳ ಕಷ್ಟ ಬೇರೆ. ಅಂದಕ್ಕಾಗಿ ತಾಮ್ರದ ಪೈಪ್ ಮತ್ತು ಡ್ರೈನ್ ಎರಡನ್ನೂ ಗೋಡೆಯೊಳಗೆ ಅಥವಾ ಪಿಒಪಿ ಫಾಲ್ಸ್ ಸೀಲಿಂಗ್ ಮೇಲೆ ಮುಚ್ಚಿರುತ್ತಾರೆ. ತಾಮ್ರದ ಪೈಪ್‌ಗೆ ಸುತ್ತಿದ ಕಪ್ಪು ಫೋಮ್ ಒಂದು ಕಡೆ ಹರಿದರೂ ಸಾಕು, ಅಲ್ಲಿ ಪೈಪ್ ಬೆವರುತ್ತದೆ. ಡ್ರೈನ್ ಎಷ್ಟೇ ಚೆನ್ನಾಗಿದ್ದರೂ ಆ ಬೆವರು ನಿಲ್ಲುವುದಿಲ್ಲ. ಫಾಲ್ಸ್ ಸೀಲಿಂಗ್‌ನಲ್ಲಿ ಹಳದಿ ಕಲೆ ಬಂದಾಗ ಮೇಲಿನ ಮನೆಯವರ ಬಾತ್‌ರೂಮ್ ಮೇಲೆ ಅನುಮಾನ ಪಡುವುದು ವಾಡಿಕೆ. ಜಗಳಕ್ಕೆ ಮೆಟ್ಟಿಲು ಹತ್ತುವ ಮೊದಲು ಒಂದು ಲೈಟ್ ಬಿಚ್ಚಿಸಿ, ಆ ತೂತಿನಲ್ಲಿ ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಎಸಿ ಪೈಪ್ ಒದ್ದೆಯಾಗಿರುವುದು ಕಂಡೀತು. ವಿದ್ಯುತ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಇನ್ನು ಅನೇಕ ಹೊಸ ಕಟ್ಟಡಗಳಲ್ಲಿ ಒಂದರ ಮೇಲೊಂದು ಇರುವ ಫ್ಲ್ಯಾಟ್‌ಗಳ ಎಸಿ ನೀರಿಗೆ ಒಂದೇ ಸಾಮೂಹಿಕ ಪೈಪ್ ಇರುತ್ತದೆ. ಅದು ಕೆಳಗೆಲ್ಲೋ ಕಟ್ಟಿಕೊಂಡರೆ ಮೇಲಿನ ಮಹಡಿಗಳ ನೀರು ಕೆಳಮಹಡಿಯ ಮನೆಯ ಇಂಡೋರ್ ಯೂನಿಟ್‌ನಿಂದ ಹೊರಬರುತ್ತದೆ. ನಿಮ್ಮ ಎಸಿ ಆಫ್ ಆಗಿದ್ದರೂ ನೀರು ಬೀಳುತ್ತಿದೆ ಎಂದಾದರೆ ಟೆಕ್ನೀಷಿಯನ್‌ನ ತಪ್ಪಲ್ಲ, ಸೊಸೈಟಿಗೆ ಹೇಳಬೇಕಾದ ವಿಷಯ. ಡ್ರೈನ್ ಅನ್ನು ಮಳೆ ನೀರಿನ ಪೈಪ್‌ಗೆ ಜೋಡಿಸಿದ್ದರೂ ಜೋರು ಮಳೆಯಲ್ಲಿ ಹೀಗೇ ಆಗಬಹುದು.

ಕೊನೆಯದು, ಗೋಡೆಯ ತೂತು. ಪೈಪ್‌ಗಳು ಹೊರಹೋಗುವ ತೂತು ಹೊರಗಡೆಗೆ ಇಳಿಜಾರಾಗಿರಬೇಕು, ಸುತ್ತ ಸರಿಯಾಗಿ ಮುಚ್ಚಿರಬೇಕು. ಒಳಗಡೆಗೆ ಇಳಿಜಾರಾಗಿ ಕೊರೆದಿದ್ದರೆ ಮಳೆ ನೀರು ಪೈಪ್ ಹಿಡಿದುಕೊಂಡೇ ಮನೆಯೊಳಗೆ ಬರುತ್ತದೆ. ಇದು ಮಳೆ ನೀರೇ ಹೌದು, ಆದರೆ ದಾರಿ ಮಾಡಿಕೊಟ್ಟಿದ್ದು ಎಸಿ ಕೂರಿಸಿದವರು. ಹೊರಗೆ ಡ್ರೈನ್ ಪೈಪನ್ನು ಗಿಡ್ಡವಾಗಿ ಕತ್ತರಿಸಿ ಗೋಡೆಗೆ ತಾಗಿದಂತೆ ಬಿಟ್ಟಿದ್ದರೂ ಅಷ್ಟೇ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಹರಿದ ನೀರು ಹೊರಗೋಡೆಯಲ್ಲಿ ಪಾಚಿ ಬೆಳೆಸಿ, ನಿಧಾನಕ್ಕೆ ಒಳಗೆ, ನಿಮ್ಮ ಮನೆಗೋ ಕೆಳಗಿನವರ ಮನೆಗೋ ಇಳಿಯುತ್ತದೆ.

ಎಸಿ ನೀರೋ, ಮಳೆ ನೀರೋ ಪತ್ತೆ ಹಚ್ಚುವುದು ಹೇಗೆ?

ಖರ್ಚಿಲ್ಲದ ಪರೀಕ್ಷೆ ಒಂದಿದೆ. ಸೆಖೆಯ ರಾತ್ರಿ ಡ್ರೈನ್ ಪೈಪ್‌ನ ಹೊರತುದಿಯನ್ನು ಒಂದು ದೊಡ್ಡ ಕ್ಯಾನ್‌ಗೆ ಬಿಡಿ. ಬಾಯಿ ಸಡಿಲವಾಗಿರಲಿ, ಗಾಳಿ ಆಡಬೇಕು. ಬೆಳಿಗ್ಗೆ ಎದ್ದು ನೋಡಿ. ಹೊರಗೆ ತೇವದ ಹವೆ ಇದ್ದು, ಇಡೀ ರಾತ್ರಿ ಎಸಿ ಓಡಿಯೂ ಕ್ಯಾನ್‌ನಲ್ಲಿ ತಳ ಮುಚ್ಚುವಷ್ಟು ನೀರಿಲ್ಲ ಎಂದರೆ, ಆ ನೀರು ಬೇರೆಲ್ಲೋ ಹೋಗುತ್ತಿದೆ. ಪೈಪ್ ಕೈಗೆ ಸಿಗದ ಎತ್ತರದಲ್ಲಿದ್ದರೆ, ಸರ್ವಿಸ್‌ಗೆ ಬಂದವರಿಂದ ಟ್ರೇಗೆ ಅರ್ಧ ಲೀಟರ್ ನೀರು ಹಾಕಿಸಿ, ಅದು ತಡೆಯಿಲ್ಲದೆ ಹೊರಗೆ ಬೀಳುತ್ತದೆಯೇ ಎಂದು ಕಿಟಕಿಯಿಂದ ನೋಡಿ.

ಗೋಡೆಯ ಪರೀಕ್ಷೆಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು. ಅಂಗೈ ಅಗಲದ ಎರಡು ತುಂಡುಗಳನ್ನು ಕಲೆಯ ಪಕ್ಕದ ಒರೆಸಿದ ಜಾಗದಲ್ಲಿ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ. ಒಂದೆರಡು ದಿನ ಬಿಟ್ಟು ತೆಗೆದಾಗ ಗೋಡೆಗೆ ತಾಗಿದ ಬದಿ ಒದ್ದೆಯಾಗಿದ್ದರೆ ನೀರು ಗೋಡೆಯ ಒಳಗಿಂದ ಬರುತ್ತಿದೆ. ಕೋಣೆಯ ಕಡೆಯ ಮೈ ಒದ್ದೆಯಾಗಿದ್ದರೆ ಅದು ಗಾಳಿಯ ತೇವ ತಣ್ಣನೆಯ ಗೋಡೆಗೆ ತಾಗಿ ನೀರಾದದ್ದು.

ಈ ಎರಡನೆಯ ಬಗೆ ಜನರ ಗಮನಕ್ಕೆ ಬರುವುದು ಕಡಿಮೆ. ಮಳೆಗಾಲದಲ್ಲೂ ಎಸಿಯನ್ನು 18ಕ್ಕೆ ಇಟ್ಟು ಮಲಗುವವರಿದ್ದಾರೆ. ಆಗ ಮಧ್ಯದ ಗೋಡೆಯ ಆಚೆ ಮೈಯೂ ತಣ್ಣಗಾಗುತ್ತದೆ. ಅಡುಗೆಮನೆಯ ಹಬೆ, ಒಣಗಲು ಹಾಕಿದ ಬಟ್ಟೆಯ ತೇವ ಅಲ್ಲಿಗೆ ಬಂದು ಹನಿಗಟ್ಟುತ್ತದೆ. ಎಸಿಯೇ ಇಲ್ಲದ ಪಕ್ಕದ ಕೋಣೆಯಲ್ಲಿ ಬೂಷ್ಟು! ಇಂಥ ಕಡೆ ಯಾವ ಪೈಪ್ ರಿಪೇರಿ ಮಾಡಿಸಿದರೂ ಫಲವಿಲ್ಲ. 2020ರ ಜನವರಿಯಿಂದ ಸ್ಟಾರ್ ಲೇಬಲ್ ಇರುವ ರೂಮ್ ಎಸಿಗಳ ಡೀಫಾಲ್ಟ್ 24 ಡಿಗ್ರಿ ಇರಬೇಕೆಂದು ಕೇಂದ್ರ ಸರ್ಕಾರ ನಿಯಮ ತಂದದ್ದು ವಿದ್ಯುತ್ ಉಳಿತಾಯಕ್ಕೆ. ಗೋಡೆಗೂ ಅದೇ ಒಳ್ಳೆಯದು.

ಗೋಡೆಯ ಮೇಲೆ ಬಿಳಿಪುಡಿ ಕಂಡರೆ ಅದು ಬೂಷ್ಟೇ ಆಗಿರಬೇಕಿಲ್ಲ. ನೀರು ಚಿಮುಕಿಸಿ. ಕರಗಿ ಮಾಯವಾದರೆ ಬಹುಶಃ ಗೋಡೆಯ ಉಪ್ಪು. ಒರೆಸಿದಾಗ ಮಸಿಯಂತೆ ಹರಡಿದರೆ, ಹಳೆ ಟ್ರಂಕಿನಂಥ ವಾಸನೆ ಬಂದರೆ ಬೂಷ್ಟು. ಎರಡೂ ಹೇಳುವುದು ಒಂದೇ, ಗೋಡೆ ಒದ್ದೆಯಾಗಿದೆ.

ಬ್ಲ್ಯಾಕ್ ಫಂಗಸ್ ಇದೇನಾ?

ಅಲ್ಲ. 2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ದೇಶವನ್ನು ಹೆದರಿಸಿದ ಬ್ಲ್ಯಾಕ್ ಫಂಗಸ್ ಎಂದರೆ ಮ್ಯೂಕರ್‌ಮೈಕೋಸಿಸ್. ಮಧುಮೇಹ ಹತೋಟಿ ತಪ್ಪಿದವರಲ್ಲಿ, ಸ್ಟೀರಾಯ್ಡ್ ಪಡೆದವರಲ್ಲಿ ಅದು ಹೆಚ್ಚಾಗಿ ಕಂಡಿತ್ತು. ಅಲ್ಲಿನ ಕಪ್ಪು ಬಣ್ಣ ಸತ್ತ ಅಂಗಾಂಶದ್ದು, ಫಂಗಸ್‌ನದ್ದಲ್ಲ. ಗೋಡೆಯ ಕಪ್ಪು ಬೂಷ್ಟು ಬೇರೆ ಜಾತಿಗಳದ್ದು. ಅದನ್ನು ನೋಡಿ ಆಸ್ಪತ್ರೆಗೆ ಓಡಬೇಕಿಲ್ಲ.

ಹಾಗೆಂದು ಬಿಟ್ಟುಬಿಡುವಂಥದ್ದೂ ಅಲ್ಲ. ಒದ್ದೆ, ಬೂಷ್ಟು ಹಿಡಿದ ಮನೆಗಳಲ್ಲಿ ಇರುವವರಿಗೆ ಉಸಿರಾಟದ ತೊಂದರೆ, ಅಲರ್ಜಿ, ಆಸ್ತಮಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಮಕ್ಕಳು, ವಯಸ್ಸಾದವರು, ಆಸ್ತಮಾ ಇರುವವರು, ಕ್ಯಾನ್ಸರ್ ಚಿಕಿತ್ಸೆ ಅಥವಾ ಅಂಗಾಂಗ ಕಸಿಯಿಂದ ರೋಗನಿರೋಧಕ ಶಕ್ತಿ ಕುಗ್ಗಿದವರು ಅಂಥ ಕೋಣೆಯಲ್ಲಿ ಮಲಗಬಾರದು. ಮನೆಯಲ್ಲಿದ್ದಾಗ ಸೀನು, ಕೆಮ್ಮು, ಊರಿಗೆ ಹೋದ ವಾರದಲ್ಲಿ ಆರಾಮ, ಮರಳಿದ ಮೇಲೆ ಮತ್ತೆ ಶುರು ಎಂದಾದರೆ ವೈದ್ಯರ ಬಳಿ ಆ ಗೋಡೆಯ ವಿಷಯವನ್ನೂ ಹೇಳಿ.

ಬೂಷ್ಟನ್ನು ಹಗುರವಾಗಿ ತೆಗೆದುಕೊಂಡರೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಬ್ರಿಟನ್‌ನ ಒಂದು ಪ್ರಕರಣ ಇದೆ. ರೋಚ್‌ಡೇಲ್ ಪಟ್ಟಣದ ಬಾಡಿಗೆ ಫ್ಲ್ಯಾಟ್‌ನಲ್ಲಿದ್ದ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರ್‌ನಲ್ಲಿ ತೀರಿಕೊಂಡಿತು. ಮನೆಯ ಬೂಷ್ಟಿನ ನಡುವೆ ಬಹುಕಾಲ ಇದ್ದುದರಿಂದ ಬಂದ ಉಸಿರಾಟದ ಕಾಯಿಲೆಯೇ ಸಾವಿಗೆ ಕಾರಣ ಎಂದು 2022ರ ನವೆಂಬರ್‌ನಲ್ಲಿ ವಿಚಾರಣಾಧಿಕಾರಿ ತೀರ್ಮಾನ ನೀಡಿದರು. ಹೆತ್ತವರು ದೂರು ಕೊಟ್ಟಾಗ ಸಿಕ್ಕಿದ್ದ ಸಲಹೆ, ಅದರ ಮೇಲೆ ಬಣ್ಣ ಹೊಡೆಯಿರಿ ಎಂಬುದು. ಆ ಮಗುವಿನ ಹೆಸರಿನಲ್ಲೇ ಬಂದ ಕಾನೂನು 2025ರ ಅಕ್ಟೋಬರ್ 27ರಿಂದ ಇಂಗ್ಲೆಂಡ್‌ನ ಸಾಮಾಜಿಕ ವಸತಿ ಮನೆಗಳಿಗೆ ಜಾರಿಯಾಗಿದೆ. ತುರ್ತು ಅಪಾಯವಿದ್ದರೆ 24 ಗಂಟೆಯೊಳಗೆ ಮಾಲೀಕ ಸಂಸ್ಥೆ ಸರಿಪಡಿಸಬೇಕು. ಅಲ್ಲಿ ತೇವಕ್ಕೆ ಕಾರಣ ಎಸಿ ಆಗಿರಲಿಲ್ಲ. ಆದರೆ 'ಮೇಲೊಂದು ಕೋಟ್ ಹೊಡೆಸಿ' ಎಂಬ ಸಲಹೆ ನಮ್ಮಲ್ಲೂ ಮೊದಲು ಸಿಗುವ ಸಲಹೆಯೇ.

ತೊಳೆಯುವಾಗ ಗಮನಿಸಿ

ಸೋರಿಕೆ ನಿಲ್ಲಿಸುವ ಮೊದಲು ತೊಳೆದು ಪ್ರಯೋಜನವಿಲ್ಲ. ನೀರು ಸ್ವಿಚ್‌ಬೋರ್ಡ್, ಸ್ಟೆಬಿಲೈಜರ್ ಅಥವಾ ಎಸಿಯ ಪ್ಲಗ್ ಹತ್ತಿರ ಇಳಿದಿದ್ದರೆ ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟದೆ ಎಂಸಿಬಿಯನ್ನೇ ಆಫ್ ಮಾಡಿ. ಬೂಷ್ಟಿಗಿಂತ ಮೊದಲು ನೋಡಬೇಕಾದದ್ದು ಇದು.

ಸುಮಾರು ಮೂರಡಿ ಉದ್ದ, ಮೂರಡಿ ಅಗಲದೊಳಗಿನ ಕಲೆಯನ್ನು ಮನೆಯವರೇ ತೆಗೆಯಬಹುದು. ಎನ್-95 ಮಾಸ್ಕ್, ಕೈಗವಸು, ಕನ್ನಡಕ ಹಾಕಿಕೊಳ್ಳಿ. ಕಿಟಕಿ ತೆರೆದಿರಲಿ, ಕೋಣೆಯ ಬಾಗಿಲು ಮುಚ್ಚಿರಲಿ, ಫ್ಯಾನ್ ಬೇಡ. ಒಣಗಿದ ಬೂಷ್ಟನ್ನು ಪೊರಕೆಯಿಂದ ಗುಡಿಸಿದರೆ ಅಥವಾ ಒಣ ಬ್ರಶ್‌ನಿಂದ ಉಜ್ಜಿದರೆ ಬೀಜಕಣ ಇಡೀ ಮನೆಗೆ ಹರಡುತ್ತದೆ. ಮೊದಲು ಒದ್ದೆ ಮಾಡಿ, ಡಿಟರ್ಜೆಂಟ್ ನೀರಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕವರ್‌ನಲ್ಲಿ ಕಟ್ಟಿ ಎಸೆಯಿರಿ. ಆಮೇಲೆ ಫ್ಯಾನ್ ಹಾಕಿ ಒಣಗಿಸಿ.

ಬ್ಲೀಚ್ ಹಾಕಲೇಬೇಕೆಂಬ ಕಡ್ಡಾಯವಿಲ್ಲ. ಹಾಕುವುದಾದರೆ ಟಾಯ್ಲೆಟ್ ತೊಳೆಯುವ ಆಸಿಡ್ ಜತೆಗಾಗಲಿ, ಅಮೋನಿಯಾ ಇರುವ ಕ್ಲೀನರ್ ಜತೆಗಾಗಲಿ ಬೆರೆಸಲೇಬೇಡಿ. ಹೊರಬರುವ ವಿಷಾನಿಲ ಬೂಷ್ಟಿಗಿಂತ ನೂರು ಪಾಲು ಅಪಾಯ. ಮುಚ್ಚಿದ ಬೆಡ್‌ರೂಮ್‌ನಲ್ಲಂತೂ ಇನ್ನೂ ಕೆಟ್ಟದ್ದು.

ಗೋಡೆ, ಟೈಲ್ಸ್, ಗಾಜು ತೊಳೆದರೆ ಸರಿಹೋಗುತ್ತವೆ. ಊದಿಕೊಂಡ ಪ್ಲೈವುಡ್, ಮೆತ್ತಗಾದ ಜಿಪ್ಸಮ್ ಬೋರ್ಡ್, ಒಳಗೆ ಬೂಷ್ಟು ಹಿಡಿದ ಹಾಸಿಗೆ ಉಳಿಯುವುದಿಲ್ಲ, ಬದಲಿಸಬೇಕು. ಹೊರಗೋಡೆಗೆ ಅಂಟಿಸಿ ಮಾಡಿಸಿದ ವಾರ್ಡ್‌ರೋಬ್‌ನಲ್ಲಿ ರೇಷ್ಮೆ ಸೀರೆ ಇಟ್ಟವರು ತಳದ ಖಾನೆಯನ್ನೊಮ್ಮೆ ತೆರೆದು ನೋಡಿ. ನುಸಿಗುಳಿಗೆ ಇರುವುದು ಹುಳದ ಕಾಟಕ್ಕೆ, ಅದು ತೇವ ಹೀರುವುದಿಲ್ಲ.

ಬಣ್ಣಕ್ಕೆ ಯಾಕೆ ಆತುರ?

ಪುಣೆಯಲ್ಲಿ ಮನೆಗೆ ಬಣ್ಣ ಬಳಿಸುವ ಗಡಿಬಿಡಿ ಗಣಪತಿ ಹಬ್ಬಕ್ಕೆ ಮೊದಲು ಜೋರು. ಗೋಡೆ ಇನ್ನೂ ಹಸಿಯಾಗಿರುವಾಗ ಪುಟ್ಟಿ ಎಳೆದು ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಹಬ್ಬದ ಫೋಟೊಗಳಲ್ಲಿ ಗೋಡೆ ಚಂದ ಕಾಣುತ್ತದೆ, ಕೆಲವೇ ವಾರಗಳಲ್ಲಿ ಮತ್ತೆ ಗುಳ್ಳೆ. ಆಂಟಿಫಂಗಲ್ ಪೇಂಟ್ ಒಣ ಗೋಡೆಯ ಮೇಲೆ ಕೆಲಸ ಮಾಡುತ್ತದೆ. ಹಸಿ ಗೋಡೆಯ ಮೇಲೆ ಅದೂ ಸಿಪ್ಪೆ ಏಳುತ್ತದೆ.

ಹೆಚ್ಚು ಲಾಭದ ದಾರಿ ಎಂದರೆ ಮಳೆಗಾಲದಲ್ಲಿ ಸೋರಿಕೆ ನಿಲ್ಲಿಸಿ, ಗೋಡೆ ತೊಳೆದು, ಎದ್ದ ಬಣ್ಣ ಕೆರೆದು ಹಾಗೇ ಬಿಡುವುದು. ನೋಡಲು ಚೆನ್ನಾಗಿರುವುದಿಲ್ಲ, ನಿಜ. ಅಕ್ಟೋಬರ್‌ನ ಬಿಸಿಲು ಬಂದ ಮೇಲೆ ಗೋಡೆ ತಾನಾಗಿ ಒಣಗುತ್ತದೆ. ಆಗ ಮತ್ತೊಮ್ಮೆ ಫಾಯಿಲ್ ಅಂಟಿಸಿ ನೋಡಿ. ಎರಡು ದಿನದ ನಂತರವೂ ಒಣಗಿದ್ದರೆ ಪೇಂಟರ್‌ನನ್ನು ಕರೆಯಬಹುದು. ದೀಪಾವಳಿ ಹೇಗೂ ಹತ್ತಿರವೇ ಇರುತ್ತದೆ.

ಬಾಡಿಗೆದಾರರು, ಕೆಳಗಿನ ಮನೆ, ಸೊಸೈಟಿ

ಬಾಡಿಗೆ ಮನೆಯಲ್ಲಿ ಇದು ಡಿಪಾಸಿಟ್‌ನ ಪ್ರಶ್ನೆ. ಖಾಲಿ ಮಾಡುವ ದಿನ ಮಾಲೀಕರು ಕಪ್ಪಾದ ಗೋಡೆ ತೋರಿಸಿ ಪೇಂಟಿಂಗ್ ಖರ್ಚು ಮುರಿದುಕೊಂಡರೆ, ತಪ್ಪು ಹಳೆಯ ಪೈಪಿನದು ಎಂದು ಆಗ ತೋರಿಸಲು ಏನೂ ಇರುವುದಿಲ್ಲ. ಮನೆಗೆ ಬಂದ ದಿನವೇ ಎಸಿ ಇರುವ ಗೋಡೆಗಳ ಫೋಟೊ ತೆಗೆದು ಮಾಲೀಕರಿಗೆ ಕಳುಹಿಸಿಡಿ. ಸೋರಿಕೆ ಕಂಡ ದಿನ ಫೋನಿನಲ್ಲಿ ಹೇಳಿದರೂ ಒಂದು ಮೆಸೇಜ್ ಅಥವಾ ಇಮೇಲ್ ಹಾಕಿ. ಮಹಾರಾಷ್ಟ್ರದಲ್ಲಿ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಾದರೂ ನೋಂದಣಿ ಕಡ್ಡಾಯ. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಸೆಕ್ಷನ್ ಹೇಳುವುದು ಇದನ್ನೇ. ಆ ಕರಾರಿನಲ್ಲಿ ಎಸಿ ಸರ್ವಿಸ್ ಯಾರ ಖರ್ಚು, ಗೋಡೆಯೊಳಗಿನ ಪೈಪ್ ಕೆಟ್ಟರೆ ಯಾರ ಹೊಣೆ ಎಂಬ ಎರಡು ಸಾಲು ಸೇರಿಸಲು ಕೇಳುವುದರಲ್ಲಿ ಸಂಕೋಚ ಬೇಡ.

ಸ್ವಂತ ಫ್ಲ್ಯಾಟ್ ಇದ್ದವರಿಗೆ ಸೊಸೈಟಿಯ ಪ್ರಶ್ನೆ. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸಂಘಗಳ ಮಾದರಿ ಉಪನಿಯಮಗಳ ಪ್ರಕಾರ ಮಳೆ ನೀರಿನ ಸೋರಿಕೆ, ಹೊರಗಿನ ಸಾಮೂಹಿಕ ಪೈಪ್ ಮತ್ತು ಡ್ರೈನೇಜ್ ಪೈಪ್‌ಗಳ ಸೋರಿಕೆಯ ದುರಸ್ತಿ ಸಂಘದ ಖರ್ಚು. ಫ್ಲ್ಯಾಟ್‌ನ ಒಳಗಿನದು ಸದಸ್ಯರ ಖರ್ಚು. ಎಸಿ ವಿಷಯಕ್ಕೆ ಇದನ್ನು ಅನ್ವಯಿಸಿದರೆ, ನಿಮ್ಮ ಟ್ರೇ, ನಿಮ್ಮ ಪೈಪ್ ನಿಮ್ಮದು. ಸಾಮೂಹಿಕ ಪೈಪ್ ಕಟ್ಟಿಕೊಂಡಿದ್ದರೆ ಸಂಘದ್ದು. ಯಾವುದೆಂದು ತಿಳಿಯದೆ ಜಗಳ ಬೇಡ ಎಂದಾದರೆ, ಸೊಸೈಟಿ ಕಚೇರಿಗೆ ಲಿಖಿತ ದೂರು ಕೊಟ್ಟು ಜಂಟಿ ಪರಿಶೀಲನೆ ಕೇಳಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ. ನಿಮ್ಮ ಎಸಿ ನೀರು ಕೆಳಗಿನವರ ಸಜ್ಜಾದ ಮೇಲೆ ಬೀಳುತ್ತಿದ್ದರೆ ಅವರು ಬಂದು ಹೇಳುವವರೆಗೆ ಕಾಯದೆ ಪೈಪ್ ಉದ್ದ ಮಾಡಿಸುವುದು ಅಗ್ಗದ ಕೆಲಸ. ಕೆಲವು ಮೀಟರ್ ಪೈಪ್, ನಾಲ್ಕು ಕ್ಲ್ಯಾಂಪ್.

ಸರ್ವಿಸ್‌ಗೆ ಬಂದವರಿಂದ ಏನು ಮಾಡಿಸಬೇಕು?

ಫಿಲ್ಟರ್ ತೊಳೆದು, ಹೊರಗಿನ ಯೂನಿಟ್‌ಗೆ ನೀರು ಹೊಡೆದು ಹದಿನೈದು ನಿಮಿಷದಲ್ಲಿ ಹೊರಡುವ ಸರ್ವಿಸ್‌ನಿಂದ ಸೋರಿಕೆ ನಿಲ್ಲುವುದಿಲ್ಲ. ಬೇಸಿಗೆ ಶುರುವಿನಲ್ಲಿ, ಇಲ್ಲವಾದರೆ ಮೇ ಮುಗಿಯುವುದರೊಳಗೆ, ಟ್ರೇ ತೊಳೆಸಿ, ಡ್ರೈನ್ ಪೈಪ್‌ಗೆ ಬ್ಲೋವರ್ ಅಥವಾ ನೀರಿನ ಒತ್ತಡ ಹಾಕಿಸಿ. ಇಂಡೋರ್ ಯೂನಿಟ್ ಡ್ರೈನ್ ಇಲ್ಲದ ಕಡೆಗೆ ವಾಲಿದೆಯೇ ಎಂದು ಲೆವೆಲ್ ಇಟ್ಟು ನೋಡಲಿ. ಕಪ್ಪು ಫೋಮ್ ಹರಿದ ಕಡೆ ಹೊಸದು ಸುತ್ತಲಿ. ಗೋಡೆಯ ತೂತನ್ನು ಹೊರಗಿನಿಂದ ಮುಚ್ಚಲಿ. ನೀರು ಹಾಕಿ ತೋರಿಸಿದ ಮೇಲೆಯೇ ಹಣ ಕೊಡಿ. ಕೆಲಸದವರಿಗೆ ಇದರಿಂದ ಬೇಸರವಾಗುವುದಿಲ್ಲ. ಮತ್ತೆ ಬಂದು ಅದೇ ಸ್ಟೂಲ್ ಹತ್ತುವುದು ಅವರಿಗೂ ಬೇಕಿಲ್ಲ.

ಉಳಿದದ್ದು ಮನೆಯವರ ಕೈಯಲ್ಲೇ ಇದೆ. ಎಸಿ ಬಳಸುವ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ಮಳೆಗಾಲದಲ್ಲಿ ಸೆಖೆಗೆ ಎಸಿ ಹಾಕುವುದಾದರೆ ಡ್ರೈ ಮೋಡ್ ಬಳಸಿ ನೋಡಿ. ಬಟ್ಟೆ ಒಣಗಿಸಲು ಬೆಡ್‌ರೂಮ್ ಬಿಟ್ಟು ಬೇರೆ ಜಾಗವಿಲ್ಲ ಎಂಬುದು ಪುಣೆಯ ಸಣ್ಣ ಫ್ಲ್ಯಾಟ್‌ಗಳ ವಾಸ್ತವ. ಹಾಗಿದ್ದರೆ ಒಂದು ಕಿಟಕಿ ಸ್ವಲ್ಪ ತೆರೆದು ಫ್ಯಾನ್ ಹಾಕಿ, ಅದೇ ಹೊತ್ತಿಗೆ ಎಸಿ ಬೇಡ. ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಆರ್ದ್ರತೆ ಮಾಪಕವನ್ನು ಗೋಡೆಗೆ ನೇತುಹಾಕಿ. ಕೋಣೆಯೊಳಗೆ 60 ಶೇಕಡಾ ದಾಟಿಯೇ ಇದ್ದರೆ ಎಚ್ಚರಿಕೆ ಬೇಕು.

ಮಳೆ ಹಿಡಿದ ಮೇಲೆ ಎಸಿಯನ್ನು ತಿಂಗಳುಗಟ್ಟಲೆ ಬಂದ್ ಇಡುವವರು ಕೊನೆಯ ದಿನ ಒಂದು ಗಂಟೆ ಬರೀ ಫ್ಯಾನ್ ಮೋಡ್‌ನಲ್ಲಿ ಓಡಿಸಿ. ಕಾಯಿಲ್, ಟ್ರೇ ಒಣಗುತ್ತವೆ. ಒದ್ದೆಯಾಗಿಯೇ ಬಿಟ್ಟರೆ ಬೂಷ್ಟು ಯಂತ್ರದೊಳಗೇ ಬೆಳೆಯುತ್ತದೆ. ಅಕ್ಟೋಬರ್‌ನಲ್ಲಿ ಮೊದಲ ಸಲ ಸ್ವಿಚ್ ಹಾಕಿದಾಗ ಬರುವ ಒದ್ದೆ ಗೋಣಿಚೀಲದ ವಾಸನೆ ಅದರದ್ದೇ.